ತಿಪ್ಪಣ್ಣನ ಚುಚ್ಚಿದ ಮೂಗು

ಆ ಮಗುವಿನ ಕೊರಳ ಬುಡದ ಗುಳಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಒಂದೊಂದು ಉಸಿರಿಗೂ ಅದು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಕರಿದಾರಕ್ಕೆ ಕಟ್ಟಿದ ತಾಯಿತ ಅದರೊಳಗೆ ಇಳಿದು, ಮತ್ತೆ ಮೇಲೇಳುತ್ತಿತ್ತು.

ಒಂದು ಸಣ್ಣ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ನಾನು ಸವೆದುಹೋಗಿದ್ದ ಕಾಲ. ಶ್ವಾಸಕೋಶ ಕೈಕೊಟ್ಟ ಮಕ್ಕಳನ್ನು ನೋಡಿ ನೋಡಿ, ಯಾವುದು ಉಳಿದೀತು, ಯಾವುದು ಉಳಿಯಲಾರದು ಎಂದು ಮನಸ್ಸು ಬಾಗಿಲಲ್ಲೇ ತೂಗಿಬಿಡುತ್ತಿತ್ತು. ಮೈಯಲ್ಲಿ ಮಾಂಸವಿಲ್ಲದ್ದು ಕಷ್ಟ, ತಡವಾಗಿ ಬಂದದ್ದು ಕಷ್ಟ, ಉಸಿರು ಕೆಟ್ಟು ಮೂತ್ರವೂ ನಿಂತದ್ದಂತೂ ಬಹಳ ಕಷ್ಟ. ಹೀಗೆ ತೂಗುವ ನನ್ನ ಬುದ್ಧಿಯ ಮೇಲೆ ನನಗೇ ಬೇಸರ ಬಂದಿತ್ತು.

ತಿಪ್ಪಣ್ಣನಿಗೆ ಇನ್ನೂ ಎರಡು ತುಂಬಿರಲಿಲ್ಲ. ಮೈಕೈ ತುಂಬಿಕೊಂಡಿದ್ದ, ಉಸಿರು ಕೆಟ್ಟ ಕೂಡಲೇ ತಾಯಿ ನಿಂಬೆವ್ವ ಓಡೋಡಿ ತಂದಿದ್ದಳು. ನನ್ನ ತೂಕದಲ್ಲಿ ಅವನು ಉಳಿಯಬೇಕಾದವನು. ಆದರೆ ಕೊಟ್ಟ ಯಾವ ಔಷಧಿಗೂ ರೋಗ ಜಗ್ಗಲಿಲ್ಲ.

"ನಿಮ್ಮ ಮನ್ಯಾಗ ಮೊದಲ ಯಾವದರ ಕೂಸು ಹಿಂಗ ಆಗಿ ತೀರಿಕೊಂಡದ ಏನವಾ?" ಎಂದು ಬಂದ ದಿನವೇ ಅವಳನ್ನು ಕೇಳಿದ್ದೆ.

"ಇಲ್ರೀ ಬಾಯಾರ. ಇಂವಾ ಚೊಚ್ಚಲ," ಎಂದಿದ್ದಳು, ನನ್ನ ಮುಖ ನೋಡದೆ.

ಮರುದಿನ ಮಧ್ಯಾಹ್ನ ಮಗುವಿನ ಅಳು ನಿಂತಿತು. "ಸುಮ್ನಾಗ್ಯಾನ ನೋಡ್ರೀ," ಎಂದಳು ನಿಂಬೆವ್ವ ಆಸೆಯಿಂದ. ಅಳುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನಾಗಿದ್ದಾನೆ ಎಂದು ಅವಳಿಗೆ ಹೇಗೆ ಹೇಳಲಿ? ಸಡಿಲಾದ ಆಕ್ಸಿಜನ್ ನಳಿಗೆಗೆ ಹೊಸ ಪ್ಲಾಸ್ಟರು ಹಚ್ಚಲು ಬಾಗಿದೆ. ಆಗ ಬಲ ಹೊಳ್ಳೆಯ ಮೇಲೊಂದು ಸಣ್ಣ ತೂತು ಕಂಡಿತು. ಗಂಡು ಮಗುವಿಗೆ ಮೂಗು ಚುಚ್ಚಿದ್ದರು.

ಅಲ್ಲಿಯವರೆಗೆ ತಿಪ್ಪಣ್ಣ ಎಂಬುದು ಮನೆದೇವರ ಹೆಸರಿರಬೇಕು ಎಂದುಕೊಂಡಿದ್ದೆ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಕಿದ್ದನ್ನು ಎತ್ತಿ ತಂದಂತೆ ಮನೆಗೆ ತರುತ್ತಾರೆ. ಮೂಗು ಚುಚ್ಚಿ, ತಿಪ್ಪೆಯ ಹೆಸರನ್ನೇ ಇಡುತ್ತಾರೆ. ಇಂಥ ಕಸ ಯಾರಿಗೆ ಬೇಕು ಎಂದು ಸಾವು ಬಾಗಿಲಿಂದಲೇ ತಿರುಗಿ ಹೋಗಲಿ ಎಂದು.

"ನಿಂಬೆವ್ವಾ, ಇವಗಿಂತ ಮೊದಲ ನೀ ಹಡದಿದ್ದಿ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಅವರ ಹೆಸರ ತಗೀಬಾರ್ದ್ರೀ. ತಗದ್ರ ಇವನ್ನೂ ಕರಕೊಂಡ ಹೋಗ್ತಾವ."

ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. "ನೀ ಮುಚ್ಚಿಟ್ರ ನನ್ನ ಔಷಧ ದಾರಿ ತಪ್ಪತದ, ತಂಗಿ."

ನಿಂಬೆವ್ವ ಮಂಚದ ಮೇಲೆ ಬಾಗಿ, ಎರಡೂ ಅಂಗೈಗಳಿಂದ ಮಗನ ಕಿವಿ ಮುಚ್ಚಿದಳು. ಆಮೇಲೆ ಪಿಸುಗುಟ್ಟಿದಳು: "ಒಬ್ಬಾವ ಚಂದ್ರಶೇಖರ. ಒಬ್ಬಾವ ರತ್ನಾಕರ. ಇಬ್ರೂ ಹಿಂಗ, ಮ್ಯಾಲುಸುರು ಹತ್ತಿ ಹ್ವಾದ್ರು."

ಎರಡೂ ಗಂಡು, ಎರಡಕ್ಕೂ ಇದೇ ಉಸಿರು. ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುವ ಕೊರತೆ ಇದು: ರೋಗ ತಡೆಯುವ ಶಕ್ತಿಯನ್ನೇ ಈ ಮಕ್ಕಳು ಹುಟ್ಟುವಾಗ ತಂದಿರಲಿಲ್ಲ. ಬೇರೆಯವರಿಗೆ ಏನೂ ಮಾಡದ ಕ್ರಿಮಿ ಇವರ ಎದೆ ಹೊಕ್ಕು ಕೂರುತ್ತದೆ; ಅದಕ್ಕೆ ಔಷಧಿಯೇ ಬೇರೆ. ತಡಮಾಡದೆ ಬದಲಿಸಿದೆ. ಕೊರಳ ಗುಳಿ ದಿನದಿಂದ ದಿನಕ್ಕೆ ತನ್ನ ಆಳ ಕಳೆದುಕೊಂಡಿತು.

ಮನೆಗೆ ಹೊರಟ ದಿನ ನಿಂಬೆವ್ವ ಹೊಸ ಸೀರೆ ಉಟ್ಟಿದ್ದಳು. "ಬಾಯಾರ, ಗೆದ್ದ ಬಂದ್ನಲ್ರೀ. ಇನ್ನರ ಒಂದು ಚಂದನ್ನ ಹೆಸರ ಇಡ್ಲೇನು? ನೀವ ಆರಿಸಿ ಕೊಡ್ರಿ."

ಎದೆಯ ಕ್ರಿಮಿ ಹೋಗಿತ್ತು, ಹುಟ್ಟಿನ ಕೊರತೆ ಹೋಗಿರಲಿಲ್ಲ; ಮುಂದಿನ ನೆಗಡಿ ಏನು ಮಾಡೀತೆಂದು ನನಗೆ ಗೊತ್ತಿತ್ತು. ಧೈರ್ಯ ಹೇಳುವಷ್ಟೂ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಅಷ್ಟು ಓದಿದ ನನ್ನ ಬಾಯಿಂದ ಬಂದದ್ದು ಇಷ್ಟೇ:

"ಅವಸರ ಯಾಕವಾ? ಇನ್ನಷ್ಟು ದಿನ ತಿಪ್ಪಣ್ಣ ಅಂತನ ಇರಲಿ."

ಅವಳು ಈಗ ನನ್ನ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ಮಲಗಿದ್ದ ಮಗನನ್ನು ಎತ್ತಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಗದರಿದಳು: "ನಡಿಯೋ ತಿಪ್ಯಾ, ಯಾರಿಗೂ ಬ್ಯಾಡಾದಂವನ!"

ಅವನು ನಿದ್ದೆಯಲ್ಲೇ ಸಲೀಸಾಗಿ ಉಸಿರಾಡುತ್ತಿದ್ದ. ಕೊರಳ ಗುಳಿಯಲ್ಲಿ ತಾಯಿತ ಹಗುರಾಗಿ ಕೂತಿತ್ತು.