ಹನ್ನೆರಡು ಬೂದು ಮರಿಗಳು

ಸಾಕುವ ಮೀನು ಮಾರುವವನಿಗೆ ಇಷ್ಟೊಂದು ಕೋಪ ಇರಬಾರದು ಎಂದು ನನ್ನ ಅಂಗಡಿಗೆ ಬಂದವರೆಲ್ಲ ಹೇಳುತ್ತಾರೆ. ಹೇಳಲಿ. ಬಣ್ಣ ನೋಡಿ ಮೀನು ಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ನೀಲಿ ಕೊಡಿ, ಒಂದು ಹಳದಿ ಕೊಡಿ, ಆ ಉದ್ದ ಬಾಲದ್ದೂ ಇರಲಿ ಅನ್ನುತ್ತಾರೆ. ವಾರ ಕಳೆದ ಮೇಲೆ ಬಾಲ ಹರಿದು ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನಿಮ್ಮ ಮೀನು ಸರಿಯಿಲ್ಲ ಎಂದು ನನ್ನ ಮೇಲೇ ಹಾರಾಡುತ್ತಾರೆ. ಯಾವುದರ ಜೊತೆ ಯಾವುದು ಬಾಳುತ್ತದೆ ಎಂದು ತಿಳಿದುಕೊಳ್ಳದವರಿಗೆ ನಾನು ಮೀನು ಕೊಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಕೊಟ್ಟಿಲ್ಲ. ನನ್ನ ಅಕ್ಕನಿಗೂ ಕೊಡಲಿಲ್ಲ.

ಅಕ್ಕ ನಲವತ್ತು ವರ್ಷ ಬಟ್ಟೆ ಹೊಲಿದವಳು. ಒಂದು ತುಂಡು ತೋರಿಸಿದರೆ ಸಾಕು, ನೂರು ದಾರದ ರೀಲುಗಳ ನಡುವಿನಿಂದ ಅದಕ್ಕೆ ಹೊಂದುವ ಬಣ್ಣವನ್ನು ಎತ್ತಿ ಕೊಡುತ್ತಿದ್ದಳು. ಸಕ್ಕರೆ ಕಾಯಿಲೆ ಅವಳ ಎಡಗಣ್ಣನ್ನು ತಿಂದು ಮುಗಿಸಿತ್ತು, ಬಲಗಣ್ಣಿಗೂ ಬಾಯಿ ಹಾಕಿತ್ತು. "ಒಂದು ವರ್ಷ ಇರಬಹುದು, ಒಂದೂವರೆನೂ ಆಗಬಹುದು, ಹೇಳೋಕಾಗಲ್ಲ" ಎಂದು ಕಣ್ಣಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದ್ದರು. ಅವಳು ಹೊಲಿಗೆ ಯಂತ್ರ ಮಾರಿ, ಅದು ಇದ್ದ ಗೋಡೆಗೇ ಆರಡಿಯ ಗಾಜಿನ ತೊಟ್ಟಿ ಇಡಿಸಿಕೊಂಡಳು.

"ಕತ್ತಲಾಗೋದ್ರೊಳಗೆ ಕಣ್ತುಂಬ ಬಣ್ಣ ನೋಡ್ಬೇಕು ಕಣೋ, ಅಷ್ಟೇ ನನ್ನಾಸೆ" ಎಂದಳು.

ಭಾವನ ಕೈ ಹಿಡಿದುಕೊಂಡು ಅಂಗಡಿಗೆ ಬಂದವಳು, ಬಾಗಿಲ ಪಕ್ಕದ ತೊಟ್ಟಿಯ ಮುಂದೆ ನಿಂತುಬಿಟ್ಟಳು. ಅದರಲ್ಲಿ ಪೂರ್ತಿ ಬೆಳೆದ ಒಂದು ಗಂಡು ಸಿಕ್ಲಿಡ್ ಮೀನು ಇತ್ತು, ಕಡು ನೀಲಿ, ಅಂಗೈಯಷ್ಟು ಉದ್ದ.

"ಇದನ್ನ ಕೊಡು. ಆ ಹಳದಿದೂ ಎರಡು. ಆ ಉದ್ದ ಬಾಲದ ಗೋಲ್ಡ್‌ಫಿಶ್ಶೂ ಇರ್ಲಿ."

"ಅಕ್ಕ, ಅದೇನು ತರಕಾರಿನಾ, ಒಂದೊಂದು ಆರಿಸಿ ಚೀಲಕ್ಕೆ ಹಾಕೋಕೆ?" ಎಂದೆ. "ಬೆಳೆದ ಗಂಡು ತೊಟ್ಟಿ ಪೂರ್ತಿ ನಂದು ಅನ್ನುತ್ತೆ. ಆ ಗೋಲ್ಡ್‌ಫಿಶ್ ಬಾಲ ಒಂದು ಹೊತ್ತೂ ಉಳಿಯಲ್ಲ. ಹಳದಿಯವು ಕಲ್ಲಿನ ಸಂದಿ ಪುಂಡರು, ಅವಕ್ಕೂ ಇದಕ್ಕೂ ಹಾವು ಮುಂಗುಸಿ."

"ಹಾಗಾದ್ರೆ ಯಾವುದು ಯಾವುದಕ್ಕೆ ಹೊಂದುತ್ತೆ, ನೀನೇ ಹೇಳಪ್ಪ ಮೇಷ್ಟ್ರೇ." ಚಿಕ್ಕಂದಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ. ಪಾಠ ಹೇಳದೆ ನನಗೆ ತಿಂದದ್ದು ಅರಗುವುದಿಲ್ಲವಂತೆ.

ನಾನು ಹಿಂದಿನ ಕೋಣೆಯಿಂದ ಮರಿಗಳನ್ನು ತಂದು ತೋರಿಸಿದೆ. ಅದೇ ನೀಲಿ ಜಾತಿಯವು, ಬೆರಳಿನ ಗೆಣ್ಣಿನಷ್ಟಿದ್ದವು. ಒಟ್ಟಿಗೇ ಹಾಕಿ ಬೆಳೆಸಿದರೆ ಒಂದಕ್ಕೊಂದು ಪಳಗುತ್ತವೆ. ಹನ್ನೆರಡಿದ್ದರೆ ಜಗಳವೂ ಹಂಚಿಹೋಗುತ್ತದೆ, ಒಂದರ ಮೇಲೇ ಎಲ್ಲ ಬೀಳುವುದಿಲ್ಲ. ತಳ ನೋಡಿಕೊಳ್ಳಲು ಮೀಸೆಯ ಕ್ಯಾಟ್‌ಫಿಶ್ ಎರಡು ಸಾಕು, ಅವು ಯಾರ ತಂಟೆಗೂ ಹೋಗುವುದಿಲ್ಲ.

ಅಕ್ಕ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಇವು ಬೂದಿ ಬಣ್ಣ ಕಣೋ."

"ಮರಿಗಳು ಹಾಗೇ ಇರೋದು. ತೊಟ್ಟಿಗೆ ಬಿಟ್ಟ ಎಂಟು ತಿಂಗಳಿಗೆ ಬಣ್ಣ ಬರುತ್ತೆ."

"ಅಷ್ಟರಲ್ಲಿ ನನ್ನ ಕಣ್ಣು ಹೋದ್ರೆ? ಊಟಕ್ಕಿಲ್ಲದ ಉಪ್ಪಿನಕಾಯಿ ಆಗುತ್ತೆ."

"ಡಾಕ್ಟ್ರು ವರ್ಷ ಅಂದಿದ್ದಾರಲ್ಲ? ಇನ್ನೂ ಮೂರ್ನಾಲ್ಕು ತಿಂಗಳು ಮಿಗುತ್ತೆ ಬಿಡು."

ಭಾವ ಬಸ್ ಡಿಪೋದ ಮೆಕ್ಯಾನಿಕ್, ಮಾತು ಕಡಿಮೆ. ಅವರೂ ಅಂದು ಬಾಯಿ ಬಿಟ್ಟು ಕೇಳಿದರು. "ಆ ದೊಡ್ಡದೊಂದನ್ನೇ ಕೊಟ್ಬಿಡಯ್ಯ. ಒಂಟಿಯಾಗೇ ಇರ್ಲಿ."

ಆರಡಿ ತೊಟ್ಟಿಯಲ್ಲಿ ಒಂಟಿ ಮೀನೇ? ನೋಡಿದವರು ನಕ್ಕಾರು ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ದೊಡ್ಡ ಮೀನನ್ನು ಮುಂದಿನ ವಾರ ಹೋಟೆಲಿನವರೊಬ್ಬರಿಗೆ ಕೊಟ್ಟೆ.

ತೊಟ್ಟಿಯ ನೀರು ಹದಕ್ಕೆ ಬರಲೆಂದು ಒಂದು ತಿಂಗಳು ಮೀನಿಲ್ಲದೆ ಬಿಡಿಸಿದೆ. ಅದೂ ನನ್ನದೇ ನಿಯಮ. ಅಕ್ಕ ಆ ತಿಂಗಳೆಲ್ಲ ಕಲ್ಲು ಮತ್ತು ಗುಳ್ಳೆಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ಮರಿಗಳನ್ನು ಬಿಟ್ಟೆ. ಪ್ರತಿ ಭಾನುವಾರ ಹೋಗಿ ಕಾಲು ಭಾಗ ನೀರು ಬದಲಿಸುತ್ತಿದ್ದೆ. ಮೀನು ಚೆನ್ನಾಗಿ ತಿಂದವು, ಚೆನ್ನಾಗಿ ಬೆಳೆದವು. ಒಂದರ ರೆಕ್ಕೆಯೂ ಹರಿಯಲಿಲ್ಲ. ನಾನು ಹೋದಾಗಲೆಲ್ಲ ಅಕ್ಕ ಕೇಳುತ್ತಿದ್ದಳು, "ಯಾವಾಗಪ್ಪ ಬಣ್ಣ?" ನಾನು "ತಾಳು" ಎನ್ನುತ್ತಿದ್ದೆ. ಆ ಮಾತು ಎಷ್ಟು ಸಲ ಆಡಿದೆನೋ.

ಮರಿಗಳನ್ನು ಬಿಟ್ಟು ಐದು ತಿಂಗಳು ತುಂಬಿದ ಭಾನುವಾರ, ನಾನು ಬಕೆಟ್ ಹಿಡಿದು ಒಳಗೆ ಕಾಲಿಡುತ್ತಿದ್ದಂತೆಯೇ ಅಕ್ಕ ಕುರ್ಚಿಯಿಂದ ಕೂಗಿದಳು.

"ಬಂದ್ಯಾ? ನೋಡಿಲ್ಲಿ, ನಿನ್ನ ಮೀನಿಗೆ ಬಣ್ಣ ಬಂತು. ಎಂಥಾ ನೀಲಿ ಅಂತೀಯ."

ತೊಟ್ಟಿಯನ್ನು ನೋಡಿದೆ. ಹನ್ನೆರಡೂ ಬೂದು. ಐದು ತಿಂಗಳಿಗೆ ಎಲ್ಲಿಯ ಬಣ್ಣ ಎಂದು ಹೇಳಲು ಬಾಯಿ ತೆರೆದೆ, ತಪ್ಪು ತಿದ್ದದೆ ಬಿಟ್ಟವನೇ ಅಲ್ಲ ನಾನು. ಅವಳ ಕೈಬೆರಳು ಎತ್ತ ತೋರಿಸುತ್ತಿದೆ ಎಂದು ಆಗ ಕಂಡಿತು. ನೀರು ಗುಳುಗುಳು ಸದ್ದು ಮಾಡುವ ಮೂಲೆಯತ್ತ ತೋರಿಸುತ್ತಿದ್ದಳು. ಅಲ್ಲಿ ಫಿಲ್ಟರ್ ಬಿಟ್ಟರೆ ಏನೂ ಇರಲಿಲ್ಲ.

"ಕಾಣ್ತಾ?" ಎಂದಳು.

"ಕಾಣ್ತು ಅಕ್ಕ" ಎಂದೆ. "ಚೆನ್ನಾಗಿ ಬಂದಿದೆ."

"ನಿನ್ನ ಮಾತು ಕೇಳಿದ್ದಕ್ಕೆ ಒಳ್ಳೇದಾಯ್ತು ನೋಡು. ಒಂದೂ ಸಾಯ್ಲಿಲ್ಲ, ಕಚ್ಚಾಡ್ಲಿಲ್ಲ. ನನ್ನಾಸೆ ತೀರಿತು."

ನೀರು ತುಂಬಿಸುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಭಾವ ಒಲೆಯ ಮುಂದೆ ನಿಂತಿದ್ದರು. ನಲ್ಲಿ ತಿರುಗಿಸಿ, ಅದರ ಸದ್ದಿನಲ್ಲಿ ಮೆಲ್ಲಗೆ ಹೇಳಿದರು. "ಬಲಗಣ್ಣೂ ಹೋಗಿ ಆರು ದಿನ ಆಯ್ತು ಕಣಯ್ಯ. ಒಳಗೆ ರಕ್ತ ಒಡೀತಂತೆ. ಇನ್ನೇನೂ ಮಾಡೋಕಾಗಲ್ಲ ಅಂದ್ರು. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದಾಳೆ. ಅವನು ತಾನೇ ತಪ್ಪು ಮಾಡಿದೆ ಅಂತ ಕೊರಗ್ತಾನೆ, ಬೇಡ ಅಂದ್ಲು."

ಕೊರಗದೆ ಏನು ಮಾಡಲಿ? ಕೈಯಾರೆ ಕೆಡಿಸಿದೆ. ಆ ಒಂದು ಮೀನನ್ನು ಕೊಟ್ಟಿದ್ದರೆ ಐದು ತಿಂಗಳು ನೀಲಿಯನ್ನೇ ನೋಡಿಕೊಂಡಿರುತ್ತಿದ್ದಳು. ಕಚ್ಚಾಡುವ ಮೀನುಗಳನ್ನು ಕೊಟ್ಟಿದ್ದರೂ ಆಗುತ್ತಿತ್ತು. ಸತ್ತದ್ದನ್ನು ತೆಗೆದು ಇನ್ನೊಂದು ಬಿಡಲು ನನಗೇನು ಬಡತನವಿತ್ತೇ? ಮೀನು ನೂರು ಸಿಗುತ್ತವೆ. ಇದು ನನಗೆ ಆಗ ಯಾಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತೇನೆ.

ಆದರೆ ಅವಳ ಮುಂದೆ ತೋರಿಸಿಕೊಳ್ಳಲಿಲ್ಲ. ಭಾನುವಾರ ಭಾನುವಾರ ಹೋದೆ. "ನೀಲಿ ಹೇಗಿದೆಯೋ?" ಎಂದು ಅವಳು ಕೇಳುವಳು, "ಹೊಳೀತಿದೆ ಅಕ್ಕ" ಎಂದು ನಾನು ಹೇಳುವೆ. ಗಿರಾಕಿಗೆ ಒಂದು ಸುಳ್ಳೂ ಹೇಳದವನು ಮೂರು ತಿಂಗಳು ಅಕ್ಕನಿಗೆ ಸುಳ್ಳು ಹೇಳಿದೆ. ಅವಳೂ ನನಗೆ ಹೇಳಿದಳು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಎಂಟನೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ತೊಟ್ಟಿಯ ಮುಚ್ಚಳ ತೆಗೆದೆ. ದೊಡ್ಡ ಕಲ್ಲಿನ ಹಿಂದಿನಿಂದ ಒಂದು ಗಂಡು ಹೊರಗೆ ಬಂತು. ತಲೆಯಿಂದ ಬಾಲದವರೆಗೆ ನೀಲಿ. ಅದರ ಹಿಂದೆ ಇನ್ನೊಂದು ಬಂತು, ಅದಕ್ಕೂ ಬೆನ್ನೆಲ್ಲ ಬಣ್ಣ ಏರಿತ್ತು. ಇಷ್ಟು ವರ್ಷದಲ್ಲಿ ಇಂಥ ಮೀನು ನನ್ನ ಅಂಗಡಿಯಲ್ಲೂ ಬೆಳೆದಿರಲಿಲ್ಲ. "ಅಕ್ಕ, ಬಂತು, ನೋಡು ಬಂತು" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಲೆಕ್ಕದಲ್ಲಿ ಬಣ್ಣ ಬಂದು ಮೂರು ತಿಂಗಳಾಗಿತ್ತು. ನೀರು ಎಳೆಯುವ ಕೊಳವೆ ನನ್ನ ಕೈಯಿಂದ ಜಾರಿ, ನೆಲವೆಲ್ಲ ಒದ್ದೆಯಾಯಿತು.

"ಯಾಕೋ ಮೇಷ್ಟ್ರೇ, ಸುಮ್ನಾಗ್ಬಿಟ್ಟೆ? ಏನಾದ್ರೂ ಆಯ್ತಾ ಮೀನಿಗೆ?"

"ಏನಿಲ್ಲ ಅಕ್ಕ" ಎಂದೆ. "ಎಂದಿನ ಹಾಗೇ ಇವೆ."