ಏಳನೆಯ ಕಣಿವೆಯ ಹಳದಿ

ನಮ್ಮ ಯಜಮಾನರಿಗೆ ಕತ್ತಲೆಯ ಹುಚ್ಚು ಹಿಡಿದದ್ದು ಬೇರೆಯವರ ಆಟ ಗೆದ್ದ ಮೇಲೆ. ಬೇರೆಯವರು ಎಂದರೆ ನಮ್ಮ ಹಾಗೆಯೇ ವಿಡಿಯೋ ಗೇಮ್ ಮಾಡುವ ಇನ್ನೊಂದು ಕಂಪನಿ. ಅವರ ಆಟದಲ್ಲಿ ಆಕಾಶ ಬೂದಿ, ನೆಲ ಬೂದಿ, ನಾಯಕನ ಮುಖವೂ ಬೂದಿ. ರಕ್ತವೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಒಲೆಯಿಂದ ಬಾಚಿ ತೆಗೆದಂತಿತ್ತು. ಜನ ಮುಗಿಬಿದ್ದು ಕೊಂಡರು. ಮಾರನೆಯ ವಾರ ಯಜಮಾನರು ನನ್ನ ಮೇಜಿನ ಹತ್ತಿರ ಬಂದು, ಪರದೆಯ ಮೇಲಿದ್ದ ನನ್ನ ಹಸಿರು ಕಣಿವೆಯನ್ನು ನೋಡಿ, ಹಳಸಿದ್ದನ್ನು ಮೂಸಿದವರ ಹಾಗೆ ಮೂಗು ಮುರಿದರು.

"ಇದು ಮಕ್ಕಳ ಆಟದ ಥರ ಕಾಣ್ತಿದೆ ಕಣಮ್ಮ."

"ಮಕ್ಕಳು ಆಡಿದ್ರೆ ಬೇಡ ಅಂತೀರಾ ಸರ್?"

"ಹಾಗಲ್ಲ. ಗಾಂಭೀರ್ಯ ಇಲ್ಲ ಇದರಲ್ಲಿ. ಭಯ ಇಲ್ಲ. ದೊಡ್ಡವರು ಆಡಬೇಕು ಅಂದ್ರೆ ಸ್ವಲ್ಪ ಕತ್ತಲೆ ಬೇಕು."

ನಾನು ಅಲ್ಲಿ ಬಣ್ಣದ ಮುಖ್ಯಸ್ಥೆ. ಕಚೇರಿಯಲ್ಲಿ ನನ್ನನ್ನು ಗಿಣಿ ಎನ್ನುತ್ತಾರೆ. ಉಡುವ ಬಟ್ಟೆಯಿಂದ ಬಂದ ಹೆಸರು, ಬಾಯಿಯಿಂದಾಗಿ ಉಳಿದುಕೊಂಡಿತು. ಹಲ್ಲಿನ ಆಸ್ಪತ್ರೆಯೊಂದರ ಮೇಲಿನ ಮಹಡಿ ನಮ್ಮದು. ಕೆಳಗೆ ಯಾರದೋ ದವಡೆ ಕೊರೆಯುವ ಸದ್ದು ಕೇಳುತ್ತಲೇ ನಾನು ಏಳು ಕಣಿವೆಗಳನ್ನು ಬಳಿದಿದ್ದೆ. ಆಟದ ಕಥೆ ಇಷ್ಟೇ: ಜೇನು ಕೀಳುವ ಹುಡುಗಿಯೊಬ್ಬಳ ಅಣ್ಣನನ್ನು ದೈತ್ಯನೊಬ್ಬ ಎತ್ತಿಕೊಂಡು ಹೋಗುತ್ತಾನೆ. ಅವಳು ಕಣಿವೆಯಿಂದ ಕಣಿವೆಗೆ ಹುಡುಕುತ್ತ ಹೋಗುತ್ತಾಳೆ. ಏಳನೆಯದರಲ್ಲಿ ಅಣ್ಣ ಸಿಗುತ್ತಾನೆ. ಆದರೆ ದೈತ್ಯ ಎಂದೋ ಹೊರಟುಹೋಗಿದ್ದಾನೆ, ಕಾದಾಟವಿಲ್ಲ, ಏನಿಲ್ಲ. ಹಳದಿ ಹೂವಿನ ಬಯಲು, ಉರಿಯುವ ಬಿಸಿಲು, ಅದರ ನಡುವೆ ಅಣ್ಣ ಸತ್ತು ಮಲಗಿದ್ದಾನೆ.

ಯಜಮಾನರು ನನ್ನೊಡನೆ ವಾದ ಬೆಳೆಸಲಿಲ್ಲ. ನೇರವಾಗಿ ಟಾರ್ಚಿನ ಮೇಜಿಗೆ ಹೋದರು. ಟಾರ್ಚ್ ಎಂದರೆ ಆಟದೊಳಗಿನ ಬೆಳಕು ನೋಡಿಕೊಳ್ಳುವವನು, ನನ್ನ ಬಣ್ಣಕ್ಕೆ ಅವನ ಸೂರ್ಯನೇ ಆಧಾರ. ಏಳೂ ಕಣಿವೆಗಳ ಮೇಲೆ ಒಂದೇ ಏಟಿಗೆ ಕಪ್ಪು ಮುಸುಕು ಎಳೆಯಲು ಅವನಿಗೆ ಹೇಳಿದರು. ಅವನು ಎಳೆದ. ಅಷ್ಟು ವರ್ಷ ನಾನು ಬಳಿದದ್ದು ಒಂದು ಬಟನ್ ಒತ್ತಿದ್ದಕ್ಕೆ ಮಸಿಯಾಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

"ನಾಚಿಕೆ ಆಗಲ್ವೇನೋ?" ಎಂದೆ.

"ಆಗುತ್ತೆ. ಏನ್ಮಾಡ್ಲಿ ಹೇಳು. ನೀನೂ ಸುಮ್ನೆ ಒಪ್ಕೋ. ಒಪ್ಪದೇ ಇರೋರು ಬೇರೆ ಕೆಲಸ ನೋಡ್ಕೊಳ್ಳಿ ಅಂದಿದ್ದಾರೆ."

"ನನ್ನ ಮುಖ ನೋಡಿ ಅನ್ಲಿ ಅದನ್ನ."

ಮನೆಯಲ್ಲಿ ನಾನು, ಅಕ್ಕ ಇಬ್ಬರೇ. ಅಕ್ಕ ಎಕ್ಸ್‌ರೇ ತೆಗೆಯುವವಳು, ದಿನವಿಡೀ ಕಂಡವರ ಎಲುಬು ನೋಡಿ ಬರುತ್ತಾಳೆ. ಸಂಜೆ ಚಹಾ ಕುಡಿಯುತ್ತ ನಡೆದದ್ದನ್ನೆಲ್ಲ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಷ್ಟು ಕಪ್ಪು ಬೇಕಿದ್ರೆ ನಮ್ಮ ಹತ್ರ ಎಕ್ಸ್‌ರೇ ಫಿಲ್ಮ್ ರಾಶಿ ಬಿದ್ದಿದೆ, ತಗೊಂಡ್ಹೋಗಿ ಹಾಕ್ಕೊಳ್ಳಿ ಅನ್ನು."

"ತಮಾಷೆ ಮಾಡ್ಬೇಡ ಅಕ್ಕ. ನಾನಂತೂ ಬಗ್ಗಲ್ಲ."

"ಒಂದು ಚಿತ್ರಕ್ಕೆ ಕೆಲಸ ಕಳ್ಕೋತೀಯಾ? ತಲೆ ನೆಟ್ಟಗಿದೆ ತಾನೆ ನಿಂಗೆ? ಬಯಲು ಹಳದಿ ಆದ್ರೇನು, ಕಪ್ಪಾದ್ರೇನು?"

ನಾನು ನಾಲಿಗೆ ಕಚ್ಚಿಕೊಂಡು ಸುಮ್ಮನಿರಬಹುದಿತ್ತು. ಇರಲಿಲ್ಲ. "ಅದು ನಮ್ಮಣ್ಣಂಗೆ ಬಳಿದಿದ್ದು" ಎಂದುಬಿಟ್ಟೆ.

ನಮ್ಮಣ್ಣ ಹೋದದ್ದು ಜ್ವರ ತಲೆಗೇರಿ. ಆಸ್ಪತ್ರೆಯ ಹಿಂಬಾಗಿಲಿನಿಂದ ಸ್ಟ್ರೆಚರ್ ಹೊರಗೆ ತಂದು, ಗಾಡಿ ಬರುವ ತನಕ ಅಂಗಳದಲ್ಲೇ ನಿಲ್ಲಿಸಿದ್ದರು. ಎಂಥ ಬಿಸಿಲು ಅವತ್ತು! ಕಾಂಪೌಂಡಿನ ಉದ್ದಕ್ಕೂ ಯಾರೂ ನೆಡದ ಹಳದಿ ಹೂಗಳು ಮೈತುಂಬ ಅರಳಿಕೊಂಡಿದ್ದವು. ಒಂದು ಮೋಡ ಇಲ್ಲ, ಒಂದು ಹನಿ ಇಲ್ಲ. ನಮ್ಮ ಮನೆ ಮುಳುಗಿಹೋಗಿದೆ, ಲೋಕ ಮಾತ್ರ ಮದುವೆಗೆ ಹೊರಟಂತೆ ಹೊಳೆಯುತ್ತಿದೆ. ಆ ಹೊಳಪಿನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕತ್ತಲೆಗೆ ನಾನು ಎಂದೂ ಹೆದರಿದವಳಲ್ಲ. ಅಂಥ ಬೆಳಕಿಗೆ ಹೆದರುತ್ತೇನೆ.

ಅಕ್ಕನ ನಗು ಆರಿಹೋಯಿತು.

"ಅವನನ್ನ ತಗೊಂಡ್ಹೋಗಿ ಆಟದಲ್ಲಿ ಹಾಕಿದ್ದೀಯಾ? ನನ್ನ ಒಂದು ಮಾತು ಕೇಳಬೇಕು ಅನಿಸ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ. ನೀನು ಬಳಿ, ಅಳಿಸು, ಏನಾದ್ರೂ ಮಾಡ್ಕೋ. ನಾನದನ್ನ ನೋಡಲ್ಲ" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎರಡು ಲೋಟ ತೊಳೆಯುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ನಮ್ಮ ಕಚೇರಿಯಲ್ಲಿ ಗೋಡೆಯ ದಿನ ಎಂದೊಂದು ಪದ್ಧತಿ ಇದೆ. ಆಟದ ಒಂದೊಂದು ಜಾಗದ ಚಿತ್ರವನ್ನೂ ಅಂಗೈ ಅಗಲಕ್ಕೆ ಅಚ್ಚು ಹಾಕಿ, ಉದ್ದ ಗೋಡೆಗೆ ಪಿನ್ ಹೊಡೆದು, ಎಲ್ಲರೂ ಎದುರು ಗೋಡೆಗೆ ಬೆನ್ನು ಕೊಟ್ಟು ನೋಡುವುದು. ಯಾವುದಾದರೂ ಚಿತ್ರ ಬೇಡ ಎನಿಸಿದವರು ತಾವೇ ನಡೆದುಹೋಗಿ, ಕೈಯಾರೆ ಪಿನ್ ಕಿತ್ತು, ಬಳಿದವರ ಮುಖ ನೋಡಿ ಕಾರಣ ಹೇಳಬೇಕು. ಹಿಂದಿನಿಂದ ಕೊಂಕು ನುಡಿಯುವ ಹಾಗಿಲ್ಲ. ಈ ನಿಯಮ ಮಾಡಿದವರು ಯಜಮಾನರೇ. ಆಗ ಅವರಿನ್ನೂ ಕುಂಚ ಹಿಡಿಯುತ್ತಿದ್ದರು, ಒಳ್ಳೆಯ ಕೈ ಅವರದು.

ಆ ಸಲದ ಗೋಡೆಯ ದಿನಕ್ಕೆ ಬಂಡವಾಳ ಹಾಕುವ ಮೇಡಂ ಬಂದರು. ಗೋಡೆಯ ತುಂಬ ಮುಸುಕು ಹಾಕಿದ ಚಿತ್ರಗಳು. ನನ್ನನ್ನು ಕೇಳಿದರೆ ಕರಿಹಲಗೆ ಒರೆಸಿದ ಹಾಗಿತ್ತು. ಯಜಮಾನರು ಕೋಟಿನ ಗುಂಡಿ ಹಾಕಿಕೊಂಡು, ಮೇಡಮ್ಮನವರನ್ನು ಒಂದೊಂದರ ಮುಂದೆ ನಿಲ್ಲಿಸಿ ವಿವರಿಸುತ್ತ ಹೋದರು. ನಾಲ್ಕನೆಯದರ ಹತ್ತಿರ ಬಂದಾಗ ಅವರ ದನಿಯೇ ನಡುಗಿತು.

"ಇದು ನೋಡಿ ಮೇಡಂ, ದೈತ್ಯನ ಗವಿ. ಎದೆ ಝಲ್ ಅನ್ನಲ್ವಾ? ಇಲ್ಲಿ ಎಲುಬಿನ ರಾಶಿ, ಇಲ್ಲಿ ತೂಗು ಹಾಕಿರೋ ಹೆಣಗಳು…"

"ಸರ್" ಎಂದೆ.

"ತಡಿಯಮ್ಮ, ಹೇಳ್ತಿದ್ದೀನಲ್ಲ."

"ಸರ್, ಅದು ಮದುವೆ ಮನೆ. ತೂಗಾಡ್ತಿರೋದು ಊಟದ ಬೆಂಚು. ನೀವು ಎಲುಬು ಅಂದಿದ್ದು ಹೂವಿನ ಹಾರ."

ಯಜಮಾನರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಪಿನ್ ಹೊಡೆದವನು ಟಾರ್ಚ್. ಅವನಿಗೂ ಯಾವುದು ಯಾವುದೆಂದು ತಿಳಿಯದೆ ಗವಿಯ ಜಾಗಕ್ಕೆ ಮದುವೆ ಮನೆಯನ್ನು ಸಿಕ್ಕಿಸಿದ್ದ. ಅಷ್ಟೇ ಅಲ್ಲ, ತಲೆಕೆಳಗಾಗಿ ಸಿಕ್ಕಿಸಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ತಡೆದುಕೊಳ್ಳಲು ಯಾರಿಂದಲೂ ಆಗಲಿಲ್ಲ. ಮೇಡಂ ಕೂಡ ಕರವಸ್ತ್ರ ಬಾಯಿಗೆ ಹಿಡಿದರು. ಟಾರ್ಚ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ಯಜಮಾನರು ಸೋಲೊಪ್ಪುವವರಲ್ಲ, ಆದರೆ ಕುರುಡರೂ ಅಲ್ಲ. ಮೇಡಮ್ಮನವರನ್ನು ಕಿಟಕಿಯ ಹತ್ತಿರ ಕರೆದುಕೊಂಡುಹೋಗಿ ಪಿಸುಗುಟ್ಟಿ, ತಿರುಗಿ ಬಂದು ನನಗೆ ಹೇಳಿದರು: "ಸರಿ, ಒಪ್ಕೊಂಡೆ. ಮುಸುಕು ತೆಗೆಯೋಣ. ಆರು ಕಣಿವೆ ನೀನು ಬಳಿದ ಹಾಗೇ ಇರಲಿ. ಕೊನೇದು ಮಾತ್ರ ಕತ್ತಲೆ. ಸಾವಿನ ಜಾಗ ಅದು, ಅಲ್ಲಿ ಮಳೆ ಸುರೀಲಿ, ಗುಡುಗಲಿ. ಇಷ್ಟು ಸಾಕಲ್ವಾ ನಿಂಗೆ?"

ಟಾರ್ಚ್ ನನ್ನ ಮೊಣಕೈ ತಿವಿದ. ಒಪ್ಪಿಕೋ ಎಂಬುದು ಅದರ ಅರ್ಥ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಹಸಿರು ಕಣಿವೆ, ನವಿಲು ಬಣ್ಣದ ನದಿ, ಕೆಂಪು ಮಣ್ಣಿನ ದಿಬ್ಬ, ಒಂದೊಂದೂ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹಾಗಿತ್ತು. ಹೂಂ ಎಂದರೆ ಆರೂ ಉಳಿಯುತ್ತಿದ್ದವು, ಕೆಲಸವೂ ಉಳಿಯುತ್ತಿತ್ತು.

ನನ್ನ ಚೀಲದಲ್ಲಿ ಏಳನೆಯ ಕಣಿವೆಯ ಚಿತ್ರವಿತ್ತು, ಮುಸುಕು ಹಾಕದ್ದು. ಹೊರಗೆ ತೆಗೆದು, ಆ ಮಸಿಗೋಡೆಯ ಕೊನೆಗೆ ಪಿನ್ ಹೊಡೆದೆ. ಕೋಣೆಯಲ್ಲಿದ್ದ ಅಷ್ಟೂ ಕಣ್ಣುಗಳು ಅತ್ತ ತಿರುಗಿದವು.

"ಉಲ್ಟಾ ಮಾಡಿ ಸರ್" ಎಂದೆ. "ಆರೂ ಕಣಿವೆ ತಗೊಳ್ಳಿ. ಎಷ್ಟು ಕತ್ತಲೆ ಬೇಕೋ ಅಷ್ಟು ಮಾಡಿ. ನಾನೇ ಕೂತು ಮಾಡಿಕೊಡ್ತೀನಿ. ಇದೊಂದನ್ನ ಮಾತ್ರ ಮುಟ್ಟಬೇಡಿ."

"ತಲೆ ಕೆಟ್ಟಿದೆಯಾ? ಒಂದಕ್ಕೋಸ್ಕರ ಆರು ಬಿಡ್ತೀಯಾ?"

"ಬಿಡ್ತೀನಿ. ಬೇಡ ಅಂದ್ರೆ ಬನ್ನಿ, ಪಿನ್ ಕೀಳಿ. ನಿಯಮ ನಿಮ್ಮದೇ ತಾನೆ? ಯಾಕೆ ಅಂತ ನನ್ನ ಮುಖ ನೋಡಿ ಹೇಳಿ. ಆಮೇಲೆ ನನ್ನ ಮೇಜು ನಾನೇ ಖಾಲಿ ಮಾಡ್ತೀನಿ."

ಅವರು ಬಂದೇ ಬಂದರು. ಪಿನ್ನಿನ ತಲೆಯ ಮೇಲೆ ಬೆರಳಿಟ್ಟರು. ನಾನು ಪಕ್ಕಕ್ಕೆ ಸರಿಯಲಿಲ್ಲ.

"ಕಾರಣ ಹೇಳ್ತೀನಿ ಕೇಳು. ಸಾವು ಇಷ್ಟು ಬೆಳಕಲ್ಲಿ ಬರಲ್ಲಮ್ಮ."

"ಬರುತ್ತೆ ಸರ್. ನಮ್ಮಣ್ಣಂಗೆ ಬಂತು. ಇದೇ ಹಳದಿ, ಇದೇ ಬಿಸಿಲು. ನಾನು ನೋಡಿ ಬಳಿದಿದ್ದೀನಿ. ನೀವು ಯಾರ ಆಟ ನೋಡಿ ಹೇಳ್ತಿದ್ದೀರಾ?"

ಮಾತು ಅತಿಯಾಯಿತೆಂದು ಗೊತ್ತಿತ್ತು, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಜಮಾನರು ಆ ಚಿತ್ರವನ್ನು ಹತ್ತಿರದಿಂದ ನೋಡಿದರು. ಎಷ್ಟೋ ವರ್ಷಗಳ ನಂತರ ಅವರು ಒಂದು ಚಿತ್ರವನ್ನು ಹಾಗೆ ನೋಡಿದ್ದನ್ನು ಕಂಡೆ. ಬೆರಳು ಪಿನ್ನಿನಿಂದ ತಾನಾಗಿ ಇಳಿಯಿತು. ಹಿಂದಿನಿಂದ ಮೇಡಂ, "ಆರು ಕತ್ತಲೆ ನನಗೆ ಸಾಕು, ಜಾಹೀರಾತಿಗೆ ಅಷ್ಟಾದ್ರೆ ಆಯ್ತು" ಎಂದರು. ಬಿಸಿಲಿನಲ್ಲಿ ಮಲಗಿದ ನಮ್ಮಣ್ಣ ಉಳಿದದ್ದು ಆ ವ್ಯಾಪಾರದ ಮಾತಿನಿಂದ, ಇರಲಿ.

ಆರೂ ಕಣಿವೆಗಳನ್ನು ನಾನೇ ಕತ್ತಲೆ ಮಾಡಿದೆ. ಅಳುತ್ತಲೇ ಮಾಡಿದೆ ಎಂದರೂ ತಪ್ಪಿಲ್ಲ. ಆದರೆ ಮುಸುಕು ಎಳೆಯಲಿಲ್ಲ. ಹಸಿರು ಕಣಿವೆಗೆ ಹಸಿರುಗಪ್ಪು, ನದಿಗೆ ನೀಲಿಗಪ್ಪು, ಗವಿಗೆ ಕಾಡಿಗೆಯ ಕಪ್ಪು. ಕತ್ತಲೆಯೂ ಬಣ್ಣವೇ, ಅದನ್ನೂ ಒಬ್ಬರು ಕೂತು ಬಳಿಯಬೇಕು. ಮದುವೆ ಮನೆಯಲ್ಲಿ ನಾಲ್ಕು ದೀಪ ಹಚ್ಚಿದೆ, ಈ ಸಲ ಯಾರೂ ಅದನ್ನು ಗವಿ ಎನ್ನಲಿಲ್ಲ. ಟಾರ್ಚ್ ಏಳನೆಯ ಕಣಿವೆಗೆ ತನ್ನ ಹತ್ತಿರವಿದ್ದ ಬೆಳಕನ್ನೆಲ್ಲ ಸುರಿದ. ಸೂರ್ಯನನ್ನು ನೆತ್ತಿಯಿಂದ ತುಸು ವಾಲಿಸಿ, "ಸಾಕಾ, ಇನ್ನೂ ಬೇಕಾ?" ಎಂದು ಕೇಳುತ್ತಲೇ ಇದ್ದ. ಇನ್ನೂ ಬೇಕು ಎನ್ನುತ್ತಲೇ ಇದ್ದೆ.

ಆಟ ಹೊರಬಂದ ಮೇಲೆ ಮನೆಗೆ ತಂದು ಟಿವಿಯ ಕೆಳಗಿಟ್ಟೆ. ಅಕ್ಕನಿಗೆ ಏನೂ ಹೇಳಲಿಲ್ಲ. ಒಂದು ಭಾನುವಾರ ಮಾರ್ಕೆಟ್ಟಿನಿಂದ ಬಂದಾಗ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಕೈಯಲ್ಲಿ ಅವಳು ರಿಮೋಟು ಎನ್ನುವ ಕಂಟ್ರೋಲರ್. ಎಷ್ಟು ದಿನದಿಂದ ಕದ್ದು ಆಡುತ್ತಿದ್ದಳೋ, ಆರು ಕಣಿವೆ ದಾಟಿಬಿಟ್ಟಿದ್ದಳು. ಟಿವಿಯ ಹಳದಿ ಅವಳ ಮುಖದ ಮೇಲೆ, ಹಿಂದಿನ ಗೋಡೆಯ ಮೇಲೆ, ನನ್ನ ಚೀಲದ ಮೇಲೆ ಬಿದ್ದಿತ್ತು. ನಾನು ಬಾಗಿಲಲ್ಲೇ ನಿಂತೆ.

ಜೇನಿನ ಹುಡುಗಿ ಅಣ್ಣನ ಹತ್ತಿರ ಬಂದಳು. ಅಲ್ಲಿಂದ ಮುಂದೆ ಮಾಡುವುದಕ್ಕೆ ಏನೂ ಇಲ್ಲ, ಎದುರಿನ ದಾರಿ ಹಿಡಿದು ನಡೆದರೆ ಆಟ ಮುಗಿಯುತ್ತದೆ. ಅಕ್ಕ ನಡೆಸಲಿಲ್ಲ. ಹುಡುಗಿಯನ್ನು ಒಂದು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ, ಮತ್ತೆ ಎಡಕ್ಕೆ ಸರಿಸುತ್ತಿದ್ದಳು. ಆಡಲು ಬರುತ್ತಿಲ್ಲವೇನೋ ಎಂದುಕೊಂಡೆ. ಆಮೇಲೆ ತಿಳಿಯಿತು. ಹುಡುಗಿಯ ನೆರಳು ಅಣ್ಣನ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿಸುತ್ತಿದ್ದಳು. ಅಂಥದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಅವತ್ತು ಮುಖಕ್ಕೆ ಬಿಸಿಲು ಹೊಡೀತಿತ್ತು ಕಣೇ" ಎಂದಳು, ತಿರುಗದೆಯೇ. "ಅಡ್ಡ ನಿಲ್ಲಬೇಕು ಅಂತ ನಂಗೆ ಹೊಳೀಲೇ ಇಲ್ಲ."

ನಾನು ಚೀಲ ಕೆಳಗಿಟ್ಟೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು, ಯಜಮಾನರು.

"ಗಿಣೀ, ಆಟ ಚೆನ್ನಾಗಿ ಹೋಗ್ತಿದೆ. ಆದ್ರೆ ಕೊನೇ ಕಣಿವೆ ಬಗ್ಗೆ ತುಂಬಾ ಜನ ಬೈದು ಬರೀತಿದ್ದಾರೆ. ಕತ್ತಲೆಯಿಂದ ಬಂದವರಿಗೆ ಆ ಹಳದಿ ಕಣ್ಣು ಕುಕ್ಕುತ್ತಂತೆ, ನೋಡೋಕಾಗಲ್ವಂತೆ. ಒಂಚೂರು, ಒಂದೇ ಒಂಚೂರು ಇಳಿಸೋಣ್ವಾ?"

ಅಕ್ಕ ಹುಡುಗಿಯನ್ನು ಅಲ್ಲಿಂದ ಕದಲಿಸಿರಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು, ಹೆಬ್ಬೆರಳು ಗುಂಡಿಯನ್ನು ಒತ್ತದೆ ಹಾಗೇ ನಿಂತಿತ್ತು.

"ಕುಕ್ಕಲಿ ಸರ್" ಎಂದೆ, "ಇಳಿಸಲ್ಲ."