ಸಾಹೇಬರ ಸತ್ಕಾರ

ನಿಡೋಣಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ ಮೊದಲ ಬಸ್ಸು ಬರುವುದೇ ಒಂಬತ್ತೂವರೆಗೆ. ನನ್ನ ಮಗಳು ಸಪ್ನಾಗೆ ವಿಜಯಪುರದ ಸ್ಟೇಷನ್ ರಸ್ತೆಯ ಲ್ಯಾಬೊಂದರಲ್ಲಿ ರಕ್ತ ತಪಾಸಣೆಯ ಕೆಲಸ, ಎಂಟೂವರೆಗೆ ಅಲ್ಲಿರಬೇಕು. ನಿಡೋಣಿಯವರೆಗೆ ನಡೆದು, ಕಬ್ಬಿನ ಟ್ರ್ಯಾಕ್ಟರ್ ಬಂದಾಗಲೆಲ್ಲ ಮುಳ್ಳುಕಂಟಿಗೆ ಇಳಿದು ನಿಂತು, ಅಲ್ಲಿ ಬಸ್ಸು ಹಿಡಿದರೂ ದಿನಾ ತಡ. ಒಂದನೇ ತಾರೀಖಿನಿಂದ ವೇಳೆಗೆ ಬರದಿದ್ದರೆ ಬರಲೇಬೇಡ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಏಳು ಗಂಟೆಯ ಬಸ್ಸಿಗಾಗಿ ಊರವರೆಲ್ಲ ಸಹಿ ಮಾಡಿ ಬಸ್ ಡಿಪೋಕ್ಕೆ ಮೂರು ಅರ್ಜಿ ಕೊಟ್ಟೆವು. ಕಡೆಗೆ ಉತ್ತರ ಬಂತು: ಸೋಮವಾರ ಸಾಹೇಬರೊಬ್ಬರು ಬಂದು ನೋಡುತ್ತಾರೆ, ಮೂವತ್ತು ಪ್ರಯಾಣಿಕರಾದರೂ ಇದ್ದರೆ ಬಸ್ಸು ಬಿಡುತ್ತಾರೆ.

ನಾನು ಶಾಲೆಯ ಸಿಪಾಯಿ, ಭಾಗಪ್ಪ ಎಂದರೆ ಊರಿಗೆಲ್ಲ ಗೊತ್ತು. ಇಪ್ಪತ್ತೆಂಟು ವರ್ಷ ಬಂದ ಸಾಹೇಬರಿಗೆಲ್ಲ ಹಾರ, ಚಹಾ ಒದಗಿಸಿದವನು. ಅದರಾಚೆಗೆ ನನ್ನ ತಲೆ ಓಡುವುದಿಲ್ಲ. ಮನೆಮನೆಗೆ ಹೋಗಿ, ಸೋಮವಾರ ಏಳಕ್ಕೇ ಎಲ್ಲರೂ ಸಮಾಜ ಮಂದಿರಕ್ಕೆ ಬರಬೇಕೆಂದು ಹೇಳಿ ಬಂದೆ.

"ಯಪ್ಪಾ, ಬಸ್ ಸ್ಟ್ಯಾಂಡಿನ್ಯಾಗ ನಿಂದ್ರೂದು ಬಿಟ್ಟು ಇದೆಲ್ಲಾ ಯಾಕ?" ಎಂದಳು ಸಪ್ನಾ.

"ಸುಮ್ನಿರಬೇ. ಬಂದವ್ರಿಗಿ ಚಾ ಕುಡಸ್ಲಾರ್ದ ಕಳಸೂದೇನು? ಮಂದಿ ಉಗುಳ್ತಾರ."

ಸೋಮವಾರ ಎಂಬತ್ತು ಮಂದಿ ಸೇರಿದರು. ಪಕ್ಕದ ಮನೆಯ ಭೀಮಾಬಾಯಿ ಬುಟ್ಟಿ ತುಂಬ ಮಂಡಕ್ಕಿಯ ಸುಸಲಾ ಮಾಡಿ ತಂದಳು. ಮೈಕಿನಲ್ಲಿ ಹಾಡು. ಸಪ್ನಾ ಮಾತ್ರ ಬಸ್ ನಿಲ್ದಾಣಕ್ಕೆ ಹೋಗಿ ನಿಂತಳು. ಇಷ್ಟು ಮಂದಿಯಲ್ಲಿ ಇವಳೊಬ್ಬಳಿಗೇ ಸೊಕ್ಕು ಎಂದು ಬೈದುಕೊಂಡೆ.

ಎಂಟೂಕಾಲಿಗೆ ಬೈಕಿನ ಮೇಲೆ ಒಬ್ಬ ತರುಣ ಬಂದ. ಓಡಿ ಹೋಗಿ ಹಾರ ಹಾಕಿದೆ. ಅವನಿಗೆ ಗಾಬರಿ.

"ಇಷ್ಟ ಮಂದಿ ಇಲ್ಲಿ ಅದೀರಿ? ನಾ ಏಳರಿಂದ ಎಂಟರ ತನಕ ಬಸ್ ಸ್ಟ್ಯಾಂಡಿನ್ಯಾಗ ಎಣಸಿ, ಮೊಬೈಲಿನ್ಯಾಗ ಕಳಿಸೇಬಿಟ್ಟೇನ್ರಿ. ಒಬ್ಬಾಕಿ ಹುಡಗಿ ಅಷ್ಟ ಇದ್ಲು."

"ಈಗ ಎಣಸ್ರಿ ಸಾಹೇಬ್ರ, ಎಲ್ಲಾರೂ ಇಲ್ಲೇ ಅದೀವಿ!"

"ಅಲ್ಲಿ ನಿಂತವ್ರನ್ನಷ್ಟ ಎಣಸಂತ ಹೇಳ್ಯಾರ್ರಿ ಕಾಕಾ. ಕಳಿಸಿದ್ದು ತಿದ್ದಾಕ ಬರಂಗಿಲ್ಲ."

ಚಹಾ ಮಾತ್ರ ಕುಡಿದು ಹೋದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಕಿಸೆಯಿಂದ ಫೋನ್ ತೆಗೆದರೆ ಸಪ್ನಾ ಆರು ಸಲ ಕರೆ ಮಾಡಿದ್ದಳು. ಮೈಕಿನ ಗದ್ದಲದಲ್ಲಿ ಒಂದೂ ಕೇಳಿಸಿರಲಿಲ್ಲ.

ನಿಲ್ದಾಣಕ್ಕೆ ಓಡಿದೆ. ಒಂದನೇ ತಾರೀಖಿಗೆ ಇನ್ನು ಎರಡೇ ದಿನವಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು.

"ನಾ ಫೋನ್ ಎತ್ತಲಿಲ್ಲಂದ್ರ ಓಡಿ ಬಂದು ಒಂದ್ ಮಾತ್ ಹೇಳಬಾರದೇನವ್ವಾ?"

"ನಾ ಎದ್ದು ಬಂದಿದ್ರ ಅವ ಸೊನ್ನಿ ಬರೀತಿದ್ದ, ಯಪ್ಪಾ" ಎಂದಳು.